ವಂಕಿಯನ್ನು ವಾಯು ಎಂದು ಅನುವಾದಿಸಿದ ಅಣ್ಣನವರಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಮಕ್ಕಳಾಗದಂತೆ ಗರ್ಭಕೋಶದೊಳಗೆ ಹಾಕಿಸಿಕೊಂಡಿದ್ದ ವಂಕಿಯ, ಅಂದರೆ ಕಾಪರ್-ಟಿಯ, ಅವಧಿ ಮುಗಿದಿದ್ದರಿಂದ ಅದನ್ನು ತೆಗೆಸಿ ಹೊಸದು ಹಾಕಿಸಿಕೊಳ್ಳಲೆಂದು ಕಳೆದ ವಾರ ತಮ್ಮೊಂದಿಗೆ ಆಸ್ಪತ್ರೆಗೆ ಹೋದವಳು, ವಾಯುವಿನ ಸಿರಪ್ಪು ಹಿಡಿದುಕೊಂಡು ಮನೆಗೆ ಬಂದೆ. ವಂಕಿ ಇದ್ದಲ್ಲೇ ಇದೆ.

ಮಾನ್ಯ ಭಾಷಾಂತರಕಾರರೇ,

ಪರದೇಶದಲ್ಲಿ ನಮ್ಮೆಲ್ಲರ ನಾಲಿಗೆಯಾಗಿರುವವರೂ, ಸಂಘದ ಕಾರ್ಯದರ್ಶಿಗಳೂ, ಸುದ್ದಿ ಮುಟ್ಟಿಸುವ ವೇಗಕ್ಕಾಗಿ ‘ಆಕಾಶವಾಣಿ’ ಎಂಬ ಬಿರುದು ಪಡೆದವರೂ ಆದ ತಮಗೆ ಅನಂತ ವಂದನೆಗಳು. ನನ್ನ ವಿಷಯ ಹೇಗೂ ಸಂಘದವರಿಗೆಲ್ಲ ತಿಳಿದಿರುವುದರಿಂದ, ಈ ಪತ್ರವನ್ನು ಸಂಘದ ಸೂಚನಾ ಫಲಕಕ್ಕೇ ಅಂಟಿಸುತ್ತಿದ್ದೇನೆ.

ನಾನು ಅನುವಾದಿತ ಕಾದಂಬರಿಗಳನ್ನು ಓದಿಕೊಂಡು ಬೆಳೆದವಳು. ಅನುವಾದಕರು ಮೂಲದಿಂದ ಅಷ್ಟಿಷ್ಟು ಸರಿದರೆ ಕ್ಷಮಿಸುವ ಅಭ್ಯಾಸವಿದೆ. ಆದರೆ ಗರ್ಭಕೋಶದಿಂದ ಹೊರಟು ಜಠರದವರೆಗೆ ಸರಿದವರನ್ನು ಕಂಡದ್ದು ಇದೇ ಮೊದಲು. ಈ ಊರಿನ ಭಾಷೆ ನನಗೆ ಕಿವಿಗೆ ಬರುತ್ತದೆ, ನಾಲಿಗೆಗೆ ಬರುವುದಿಲ್ಲ. ಹಾಗಾಗಿ ತಮ್ಮ ಕೃತಿ ರಚನೆಯಾಗುವುದನ್ನು ಕಣ್ಣಾರೆ, ಕಿವಿಯಾರೆ ಅನುಭವಿಸುವ ಭಾಗ್ಯ ನನ್ನದಾಯಿತು.

ತಾವು ಪರದೆಯ ಆಚೆ, ಗೋಡೆಗೆ ಮುಖ ಮಾಡಿ ನಿಂತಿದ್ದಿರಿ. ಮುಟ್ಟು ನಿಲ್ಲುತ್ತಲೇ ಇಲ್ಲ, ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಡೀ ದಿನ ಬಿಳಿ ಹಾಸುಗಳನ್ನು ಮಡಿಸುತ್ತ ನಿಲ್ಲಬೇಕಾದವಳಿಗೆ ಬಿಳಿ ಬಣ್ಣ ಕಂಡರೇ ಹೆದರಿಕೆಯಾಗುತ್ತಿದೆ, ವಂಕಿ ಬದಲಿಸಿ ಎಂದು ನಾನು ಹೇಳಿದ್ದಕ್ಕೆ, ತಾವು ಗಂಟಲು ಸರಿಮಾಡಿಕೊಂಡು, ಈಕೆಗೆ ಆಗಾಗ ಹೊಟ್ಟೆ ತೊಂದರೆ ಎಂದು ವೈದ್ಯರಿಗೆ ತಿಳಿಸಿದಿರಿ. ಮೂಲದ ಇಷ್ಟು ಗೋಳು ನಾಲ್ಕು ಪದಕ್ಕೆ ಇಳಿದದ್ದು ಸಾಮಾನ್ಯ ಪ್ರತಿಭೆಯಲ್ಲ. ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ ಎಂದು ಆ ವೈದ್ಯೆ ಕೇಳಿದರೆ, ತಾವು ಗೋಡೆಗೇ ಹೇಳಿದಿರಿ: “ಎಲ್ಲಾ ಟೈಮಿಗೆ ಸರಿಯಾಗಿ ಆಗ್ತಿದೆಯಾ ಅಂತ ಕೇಳ್ತಿದಾರೆ ತಂಗಿ.” ಏನಣ್ಣ ಎಂದರೆ, “ಅದೇಮ್ಮಾ... ಎಲ್ಲಾನೂ.” ಇಲ್ಲ ಎಂದೆ. ಮಲಬದ್ಧತೆಯೂ ಇದೆ ಎಂದು ಅನುವಾದವಾಯಿತು.

ತಮ್ಮ ಸಂಕಟ ನನಗೆ ಅರ್ಥವಾಗದ್ದಲ್ಲ. ಮೊದಲ ಭೇಟಿಯಲ್ಲೇ ನನ್ನನ್ನು ತಂಗಿ ಎಂದು ಕರೆದುಬಿಟ್ಟಿರಿ. ಒಡಹುಟ್ಟಿದವಳ ಮುಟ್ಟಿನ ಮಾತನ್ನು ಅಣ್ಣನಾದವನು ಬಾಯಲ್ಲಿ ಆಡುವುದುಂಟೇ? ಊರಿನ ಅಂಗಡಿಯವರು ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಳ್ಳಮಾಲಿನಂತೆ ಕೈಗಿಡುತ್ತಿದ್ದರು. ಇಲ್ಲಿ ಅದು ಬ್ರೆಡ್ಡಿನ ಪಕ್ಕದಲ್ಲೇ, ಟ್ಯೂಬ್‌ಲೈಟಿನ ಕೆಳಗೆ, ಯಾರ ಹಂಗೂ ಇಲ್ಲದೆ ಕೂತಿರುತ್ತದೆ. ಆ ಕಪ್ಪು ಕವರು ಸಮುದ್ರ ದಾಟುವುದಿಲ್ಲ ಎಂದು ನಾನು ದಡ್ಡಿಯಂತೆ ನಂಬಿದ್ದೆ. ಅದನ್ನು ಜೋಪಾನವಾಗಿ ಹೊತ್ತು ತಂದು ನನ್ನ ಬಾಯಿಗೇ ಕಟ್ಟಿದ ತಮಗೆ ಯಾವ ಶಾಲು ಹೊದಿಸಿದರೆ ಸಾಕು?

ಇನ್ನು ತಮ್ಮ ಗೌಪ್ಯಪಾಲನೆ. ನಾನು ಹೋದದ್ದು ಹೆಂಗಸರ ವಿಭಾಗಕ್ಕೆ ಎಂಬುದನ್ನು ಬಿಟ್ಟು ಬೇರೇನನ್ನೂ ತಾವು ಹೊರಗೆ ಹೇಳಲಿಲ್ಲ, ಅಷ್ಟೇ ಸಾಕಾಯಿತು. ಸಂಜೆಯೇ ತಮ್ಮ ಮಡದಿ, ನಮ್ಮೆಲ್ಲರ ಅಕ್ಕ, ಫೋನು ಮಾಡಿ, “ಏನೇ ಕಳ್ಳಿ, ವಿಶೇಷ ಅಂತೆ! ಬಾಯಿಬಿಟ್ಟು ಹೇಳಬಾರದಾ?” ಎಂದರು. ಮರುದಿನ ಅತ್ತೆ ವಿಡಿಯೋದಲ್ಲಿ ಬಂದು, ಎರಡು ಹೆಣ್ಣಾಯಿತು, ಇದು ಗಂಡೇ ಎಂದು ತೀರ್ಪು ಕೊಟ್ಟರು. ನಮ್ಮ ಯಜಮಾನರು ನನ್ನತ್ತ ನೋಡಿ, “ಪಾಪ, ಒಳ್ಳೇ ಮನುಷ್ಯ, ರಜ ಹಾಕಿ ಬಂದಿದ್ದ, ಏನೂ ಅನ್ನಬೇಡ” ಎಂದರು. ಆದ್ದರಿಂದ ಅನ್ನುತ್ತಿಲ್ಲ, ಬರೆಯುತ್ತಿದ್ದೇನೆ. ಮೂರನೆಯ ಮಗು ಬೇಡವೆಂದು ಬಾಗಿಲು ತಟ್ಟಿದವಳಿಗೆ ಮೂರನೆಯ ಮಗುವನ್ನೇ ಊರಿಗೆಲ್ಲ ಹಂಚಿದಿರಿ. ಬೀಗದವನನ್ನು ಕರೆದರೆ ಬಾಗಿಲನ್ನೇ ಕಿತ್ತುಕೊಂಡು ಹೋದಂತಾಯಿತು.

ತಮ್ಮಲ್ಲಿ ಒಂದು ಸಣ್ಣ ವಿನಂತಿ. ದಯವಿಟ್ಟು ನನ್ನ ಗರ್ಭಕೋಶಕ್ಕೂ ತಾವೇ ತಿಳಿಸಿ, ಅದು ಜಠರವೆಂದು. ತಮ್ಮ ಮಾತಿನ ಮೇಲೆ ಅದಕ್ಕೆ ನಂಬಿಕೆ ಹುಟ್ಟಿದರೆ ತಿಂಗಳಿಗೊಮ್ಮೆ ತೇಗಿ ಸುಮ್ಮನಾದೀತು. ವಂಕಿಗೂ, ನಿನ್ನ ಅವಧಿ ಮುಗಿದಿಲ್ಲವೆಂದು ಸಂಘದ ಮೊಹರು ಹಾಕಿ ಒಂದು ಪತ್ರ ಕೊಟ್ಟುಬಿಡಿ.

ಅಷ್ಟರವರೆಗೆ ನಾನು ಸುಮ್ಮನೆ ಕೂತಿಲ್ಲ. ನನ್ನೊಂದಿಗೆ ಹಾಸು ಮಡಿಸುವ ಹಿರಿಯಾಕೆಗೆ ನಮ್ಮ ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲ. ನನ್ನ ಕೈಸನ್ನೆ ಅರ್ಥವಾದದ್ದೇ, ಆಕೆ ಕಲೆ ಗುರುತು ಮಾಡುವ ಸೀಮೆಸುಣ್ಣ ಎತ್ತಿಕೊಂಡು ಒಂದು ಹರಿದ ದಿಂಬಿನ ಚೀಲದ ಮೇಲೆ ಗರ್ಭಕೋಶದ ಚಿತ್ರ ಬರೆದು, ಒಳಗೆ ಪುಟ್ಟ ವಂಕಿ ಇಟ್ಟು, ಒಂದೊಂದನ್ನೂ ತೋರಿಸಿ ಹೆಸರು ಹೇಳಿಕೊಟ್ಟಳು. ಮುಟ್ಟಿಗೆ ಈ ಭಾಷೆಯಲ್ಲಿರುವ ಪದ ತೀರ ಚಿಕ್ಕದು, ಹೇಳುವಾಗ ಗಂಟಲು ಸರಿಮಾಡಿಕೊಳ್ಳಬೇಕಾಗಿಯೇ ಇಲ್ಲ. ಗುರುವಾರ ಮತ್ತೆ ಆಸ್ಪತ್ರೆಗೆ ಹೋಗುವುದೆಂದೂ, ವ್ಯಾಕರಣ ಮುರಿದರೆ ಮುರಿಯಲಿ, ನನ್ನ ಮಾತನ್ನು ನಾನೇ ಆಡುವುದೆಂದೂ ತೀರ್ಮಾನಿಸಿದ್ದೇನೆ. ತಾವು ರಜ ಹಾಕುವ ಶ್ರಮ ತೆಗೆದುಕೊಳ್ಳಬಾರದು.

ತಮ್ಮ ವಿಶ್ವಾಸಿ,
ವಾಯುಪೀಡಿತ ತಂಗಿ

ತಾ.ಕ.: ಸುದ್ದಿ ಸುಳ್ಳೆಂದು ತಿಳಿಸಲು ನಿನ್ನೆ ಅಕ್ಕನಿಗೆ ಫೋನು ಮಾಡಿದ್ದೆ. ಅವರಿಗೂ ಆ ವೈದ್ಯರ ಹತ್ತಿರ ಹೇಳಿಕೊಳ್ಳುವ ಮಾತೊಂದು ವರ್ಷಗಳಿಂದ ಉಳಿದಿದೆಯಂತೆ; “ಇವರ ಬಾಯಲ್ಲಿ ಹೇಗೆ ಹೇಳಿಸಲೇ?” ಎಂದರು. ಗುರುವಾರ ಅವರೂ ಬರುತ್ತಾರೆ; ಇಷ್ಟನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಇದೆ. ಅನುವಾದ ನನ್ನದೇ. ಮಾತು ಏನೆಂದು ಮಾತ್ರ ತಾವು ಕೇಳಬಾರದು, ಭಾಷಾಂತರಕಾರರು ಅದನ್ನೆಲ್ಲ ಹೊರಗೆ ಹೇಳುವಂತಿಲ್ಲ.