ನಿದ್ದೆಗೆಟ್ಟ ಪ್ರೊಸೆಸರ್

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಪ್ರೊಸೆಸರ್‌ನ ನಿದ್ದೆ. ಮನುಷ್ಯರ ನಿದ್ದೆಯಾಗಿದ್ದರೆ ಮುಖಕ್ಕೆ ಒಂದು ಚೊಂಬು ನೀರು ಎರಚಿ ಮುಗಿಸಬಹುದಿತ್ತು.

ನಮ್ಮ ಕಥಾನಾಯಕನಿಗೆ ಆಫೀಸಿನಲ್ಲಿ ಮೈಕ್ರೋ ಅಂತಲೇ ಹೆಸರು. ಬಾಯಿ ಬಿಟ್ಟರೆ ಮೈಕ್ರೋಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಅದಕ್ಕಿಂತ ದೊಡ್ಡ ಕಾಲ ಅವನ ಲೆಕ್ಕಕ್ಕೇ ಇಲ್ಲ. ಮನೆಗೆ ಎರಡು ಗಂಟೆ ತಡವಾಗಿ ಹೋಗುವ ವಿಷಯ ಬೇರೆ ಬಿಡಿ. ಕಾಗದ ಕತ್ತರಿಸುವ ಯಂತ್ರಕ್ಕೆ ಜೋಡಿಸುವ ಕಂಟ್ರೋಲ್ ಪೆಟ್ಟಿಗೆ ಎರಡು ತಿಂಗಳ ಹಿಂದೆ ಅವನ ಪಾಲಿಗೆ ಬಂದಿತ್ತು. ಯಾರಾದರೂ ಬ್ಲೇಡಿನ ಹತ್ತಿರ ಕೈ ತಂದರೆ ಸೆನ್ಸರು ಪ್ರೊಸೆಸರನ್ನು ಎಬ್ಬಿಸಬೇಕು, ಅದು ತಟ್ಟನೆ ಎದ್ದು ಬ್ಲೇಡ್ ನಿಲ್ಲಿಸಬೇಕು. ಪೆಟ್ಟಿಗೆ ನಡೆಯುವುದು ಬ್ಯಾಟರಿಯಲ್ಲಿ. ಬ್ಯಾಟರಿ ಉಳಿಯಬೇಕೆಂದರೆ ಪ್ರೊಸೆಸರ್ ಚೆನ್ನಾಗಿ ಮಲಗಬೇಕು; ಬೆರಳು ಉಳಿಯಬೇಕೆಂದರೆ ಕರೆದ ತಕ್ಷಣ ಏಳಬೇಕು. ಆಳವಾಗಿ ಮಲಗಿದಷ್ಟೂ ಏಳುವುದು ತಡ.

“ನೂರು ಮೈಕ್ರೋಸೆಕೆಂಡಿನೊಳಗೆ ಏಳಿಸ್ರೀ. ಸಂಜೆ ಒಳಗೆ ಅಳತೆ ತೋರಿಸಿದ್ರೆ ನಾಳೆಯಿಂದ ರಜೆ,” ಅಂದಿದ್ದರು ಮ್ಯಾನೇಜರ್.

ಈ ರಜೆ ಈಗಾಗಲೇ ಎರಡು ಸಲ ಕೈಕೊಟ್ಟಿತ್ತು. ಮದುವೆಯಾದಾಗಿನಿಂದ ಗಂಡಹೆಂಡತಿ ಒಟ್ಟಿಗೆ ಎಲ್ಲೂ ಹೋದವರಲ್ಲ. ಬೆಳಗ್ಗೆ ಹೆಂಡತಿ ಬಸ್ಸಿನ ಟಿಕೆಟ್ಟುಗಳನ್ನು ಅವನ ಜೇಬಿಗೆ ತುರುಕಿ, “ಸಂಜೆ ಬ್ಯಾಗ್ ತಗೊಂಡು ಆಫೀಸ್ ಹತ್ರಾನೇ ಬರ್ತೀನಿ. ಈ ಸಲ ಏನಾದ್ರೂ ನೆಪ ಹೇಳಿದ್ರೆ ನೋಡಿ ಮತ್ತೆ!” ಅಂದಿದ್ದಳು.

ಮೈಕ್ರೋ ಬಂದವನೇ ಪೆಟ್ಟಿಗೆಗೆ ಸ್ಕ್ರೀನು, ಕೀಬೋರ್ಡು, ಮೌಸು ಸಿಕ್ಕಿಸಿ ಕೆಲಸಕ್ಕೆ ಕೂತ; ಪ್ರೊಸೆಸರ್ ಮಲಗಿದರೆ ಸ್ಕ್ರೀನೂ ಕಪ್ಪು. ಒಂದು ಅಳತೆ ಯಂತ್ರದಿಂದ ಸುಳ್ಳು ಸುಳ್ಳೇ ‘ಕೈ ಬಂತು’ ಅಂತ ಸಂಕೇತ ಕಳಿಸುವುದು, ಪ್ರೊಸೆಸರ್ ಏಳಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು. ಎಂಬತ್ತು, ಎಂಬತ್ತೆರಡು, ಎಪ್ಪತ್ತೊಂಬತ್ತು... ಇನ್ನೇನು ಗೆದ್ದೆ ಅನ್ನುವಾಗ ಧುತ್ತೆಂದು ಮುನ್ನೂರು! ಎಲ್ಲೋ ಒಮ್ಮೊಮ್ಮೆ ಅದು ಗಾಢನಿದ್ದೆಗೆ ಜಾರುತ್ತಿತ್ತು. ಮೈಕ್ರೋ ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು.

ಅಂತೂ ಇಂತೂ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಬಂದ. ಕಪ್ಪು ಸ್ಕ್ರೀನ್ ನೋಡಿದ, ಅಳತೆ ಯಂತ್ರದ ಪ್ಲಗ್ ಕಿತ್ತ.

“ಅಯ್ಯೋ! ಏನಣ್ಣಾ ಮಾಡ್ದೆ?”

“ಯಾರೂ ಉಪಯೋಗಿಸ್ತಿರ್ಲಿಲ್ವಲ್ಲಾ ಗುರುವೇ, ಸುಮ್ನೆ ಕರೆಂಟ್ ದಂಡ.”

ಬೆಳಗಿನ ಅಳತೆಯೆಲ್ಲ ಗೋವಿಂದ. ಮತ್ತೆ ಮೊದಲಿನಿಂದ ಶುರು. ಮಧ್ಯೆ ಮಧ್ಯೆ ಮ್ಯಾನೇಜರ್ ಬಂದು, “ಮಲಗಿದೆಯಾ? ಎದ್ದಿದೆಯಾ?” ಅಂತ ಕೀಬೋರ್ಡು ಕುಟ್ಟಿ ನೋಡಿ ಹೋಗುತ್ತಿದ್ದರು. ಮೈಕ್ರೋಗೆ ಅಳುವೇ ಬಂತು. ಕೊನೆಗೆ ‘ದಯವಿಟ್ಟು ಪೆಟ್ಟಿಗೆ ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ, ಅಳತೆ ಓಡಲು ಬಿಟ್ಟು ಊಟಕ್ಕೆ ಹೋದ.

ವಾಪಸು ಬಂದು ಅಳತೆ ಯಂತ್ರ ನೋಡುತ್ತಾನೆ, ಹತ್ತು! ಹನ್ನೊಂದು! ಹತ್ತು! ಒಂದೇ ಒಂದು ಸಲವೂ ಹನ್ನೆರಡು ದಾಟಿಲ್ಲ. ಮೈಕ್ರೋ ಕೂಗಿದ ಕೂಗಿಗೆ ಮ್ಯಾನೇಜರ್ ಓಡಿ ಬಂದರು. ನೋಡಿದವರೇ ಅವನ ಬೆನ್ನು ತಟ್ಟಿ, ನಿಂತಲ್ಲೇ ರಜೆ ಅರ್ಜಿಗೆ ಸಹಿ ಹಾಕಿಬಿಟ್ಟರು.

ಅವರು ಅತ್ತ ಹೋದ ಮೇಲೆ ಮೈಕ್ರೋ ಕಣ್ಣು ಬ್ಯಾಟರಿಯ ಮೀಟರಿನ ಮೇಲೆ ಬಿತ್ತು. ಒಂದಿಷ್ಟೂ ಉಳಿತಾಯ ಇಲ್ಲ. ಪೆಟ್ಟಿಗೆಯ ಸ್ಕ್ರೀನ್ ಕಡೆ ತಿರುಗಿದ. ಅದರೊಳಗೆ ಸ್ಕ್ರೀನ್‌ಸೇವರಿನ ಬಣ್ಣಬಣ್ಣದ ಮೀನುಗಳು ಆರಾಮಾಗಿ ಈಜಾಡುತ್ತಿದ್ದವು.

“ನಾನೇ ಬಿಟ್ಟೆ ಕಣಪ್ಪಾ,” ಅಂದರು ಪಕ್ಕದ ಸ್ಟೋರ್ಸಿನಿಂದ ಬಂದ ಅಕ್ಕ. ಅವರನ್ನು ಇಡೀ ಆಫೀಸು ಕರೆಯುವುದೇ ಅಕ್ಕ ಅಂತ. “ಆ ಕರಿ ಸ್ಕ್ರೀನ್ ನೋಡಿ ನೋಡಿ ಬೇಜಾರಾಗಿತ್ತು. ಚೆನ್ನಾಗಿದೆ ಅಲ್ವಾ? ಪೆಟ್ಟಿಗೆ ಮುಟ್ಲಿಲ್ಲಪ್ಪಾ, ಬರೀ ಮೌಸ್ ಮುಟ್ಟಿದ್ದು.”

ಮೈಕ್ರೋ ಕುರ್ಚಿಯಲ್ಲಿ ಕುಸಿದ. ಮೀನು ಬರೆಯುವ ಗಡಿಬಿಡಿಯಲ್ಲಿ ಪ್ರೊಸೆಸರ್ ರೆಪ್ಪೆಯನ್ನೇ ಮುಚ್ಚಿಲ್ಲ. ಮಲಗದೇ ಇದ್ದದ್ದಕ್ಕೆ ಏಳಲು ತಡ ಎಲ್ಲಿಯದು?

ಬಾಯಿ ಮುಚ್ಚಿಕೊಂಡು ಹೊರಟುಬಿಡೋಣ ಅಂತಲೇ ಸಂಜೆ ಮೆಟ್ಟಿಲಿಳಿದ. ಗೇಟಿನ ಹತ್ತಿರ ಹೆಂಡತಿ ಬ್ಯಾಗು ಹಿಡಿದು ನಗುತ್ತಾ ನಿಂತಿದ್ದಳು. ಆ ನಗು ನೋಡುತ್ತಲೇ ಅವನಿಗೆ ಪೆಟ್ಟಿಗೆ ನೆನಪಾಯಿತು. ನಾಳೆ ಯಾವನೋ ಮೀನು ಮುಚ್ಚುತ್ತಾನೆ, ಪೆಟ್ಟಿಗೆ ಗಡದ್ದಾಗಿ ಮಲಗುತ್ತದೆ, ಇನ್ಯಾವನದೋ ಬೆರಳು ಹೋಗುತ್ತದೆ.

“ಒಂದೇ ನಿಮಿಷ ಬಂದೆ,” ಅಂದ.

“ನಿಮ್ ಒಂದು ನಿಮಿಷ ನಂಗೊತ್ತಿಲ್ವಾ? ನಾನೂ ಬರ್ತೀನಿ ನಡೀರಿ,” ಅಂತ ಅವಳೂ ಬ್ಯಾಗಿನ ಸಮೇತ ಹತ್ತಿದಳು.

ಮೈಕ್ರೋ ಮ್ಯಾನೇಜರನ್ನು ಪೆಟ್ಟಿಗೆಯ ಹತ್ತಿರ ಕರೆತಂದು ಎಲ್ಲವನ್ನೂ ಒಪ್ಪಿಸಿದ. ಅವರು ಬಗ್ಗಿ ಮೀನುಗಳನ್ನು ನೋಡಿದರು.

“ಅಂದ್ರೆ, ಮೀನು ಓಡ್ತಾ ಇದ್ರೆ ಬೆರಳು ಉಳಿಯುತ್ತೆ?”

“ಉಳಿಯುತ್ತೆ ಸಾರ್. ಆದ್ರೆ ಬ್ಯಾಟರಿ...”

“ಅದನ್ನ ಆಮೇಲೆ ಹೇಳ್ರೀ! ಎರಡು ತಿಂಗಳಿಂದ ನಿಮ್ಮ ಕೈಲಿ ಆಗದೇ ಇದ್ದಿದ್ದನ್ನ ಅಕ್ಕ ಊಟದ ಹೊತ್ತಲ್ಲಿ ಮಾಡಿ ಮುಗಿಸಿದ್ದಾರೆ!” ಮ್ಯಾನೇಜರ್ ಅರ್ಜಿ ಕಿತ್ತುಕೊಂಡು ಅವನ ಹೆಸರು ಹೊಡೆದು ಹಾಕಿ ಅಕ್ಕನ ಹೆಸರು ಬರೆದರು. “ರಜೆ ಅಂದ್ರೆ ಕೆಲಸ ಮಾಡಿದೋರಿಗೆ ಕೊಡೋದು. ಮೀನು ಮುಚ್ಚೋಕೇ ಆಗದ ಹಾಗೆ ಮಾಡಿ, ಬ್ಯಾಟರೀನೂ ಉಳಿಸಿ. ಅದಾಗೋ ತನಕ ನೀವು ಇಲ್ಲೇ.”

“ಅಯ್ಯೋ ಸಾರ್, ನಂಗೆ ರಜೆ ಕೊಟ್ರೆ ನಾನೆಲ್ಲಿ ಹೋಗ್ಲಿ?” ಅಂದರು ಕೂಗು ಕೇಳಿ ಸ್ಟೋರ್ಸಿನಿಂದ ಬಂದಿದ್ದ ಅಕ್ಕ.

ಹೆಂಡತಿ ಗಂಡನ ಮುಖ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬಿನ ಟಿಕೆಟ್ಟುಗಳು ಅವಳ ಕೈಯಲ್ಲಿದ್ದವು.

“ಅಕ್ಕಾ, ನಿಮಗೆ ಕಿಟಕಿ ಸೀಟು ಆಗುತ್ತಾ?”

“ಬಟ್ಟೆ ತಂದಿಲ್ವಲ್ಲಮ್ಮಾ...”

“ದಾರೀಲಿ ನಿಮ್ಮ ಮನೆ ಹತ್ರ ಆಟೋ ನಿಲ್ಲಿಸೋಣ, ಬನ್ನಿ.”

ಹಾಗೆಂದವಳೇ ಬ್ಯಾಗಿನ ಜಿಪ್ಪೆಳೆದು ಗಂಡನ ಶರ್ಟು, ಟವೆಲ್ಲು, ಶೇವಿಂಗ್ ಸೆಟ್ಟು ಒಂದೊಂದಾಗಿ ತೆಗೆದು ಪೆಟ್ಟಿಗೆಯ ಪಕ್ಕ ಜೋಡಿಸಿಟ್ಟು, ಅಕ್ಕನ ಬಟ್ಟೆಗೆ ಜಾಗ ಮಾಡಿದಳು.