ಮೂರು ಬೆರಳಿನ ಫ್ರಿಡ್ಜು

ಟೀವಿಯವರಿಗೆ ಹೊಸದಾಗಿ ತೋರಿಸಲು ಏನೂ ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು. ಅದು ಬಿಟ್ಟು ಇಪ್ಪತ್ತೇಳು ವರ್ಷಗಳ ಹಿಂದಿನ ಟೇಪುಗಳ ಧೂಳು ಕೊಡವಿ, ಅಂದಿನ ಆಟಗಳನ್ನೆಲ್ಲ ಭಾನುವಾರ ಸಂಜೆ ನಾಲ್ಕಕ್ಕೆ ಮತ್ತೆ ಹಾಕುತ್ತೇವೆ ಎಂದು ಹೊರಟರೆ ನನ್ನಂಥ ಸಂಸಾರಸ್ಥನ ಗತಿಯೇನು?

ಬೇರೆಯವರಾಗಿದ್ದರೆ ತಲೆತುಂಬ ಕೂದಲಿದ್ದ ಕಾಲದ ತಮ್ಮನ್ನು ತಾವೇ ನೋಡಿ ಹಿಗ್ಗುತ್ತಿದ್ದರು. ನನಗೆ ಹಿಗ್ಗಲು ಬಿಡದ ಕಾರಣವೊಂದು ನಮ್ಮ ನಡುಮನೆಯಲ್ಲಿ ನಿಂತಿದೆ. ಅದು ಫ್ರಿಡ್ಜು. ಆಳೆತ್ತರದ್ದು, ಎರಡು ಬಾಗಿಲಿನದು. ಅಡುಗೆಮನೆಯ ಬಾಗಿಲಲ್ಲಿ ಹಿಡಿಸದೆ ನಡುಮನೆಯಲ್ಲೇ ಠಿಕಾಣಿ ಹೂಡಿ, ಬಂದವರನ್ನೆಲ್ಲ ಗುರ್ ಎಂದು ಸ್ವಾಗತಿಸುತ್ತದೆ. ಬಂದವರು ತಣ್ಣೀರು ಕೇಳುತ್ತಾರೆ. ನಮ್ಮ ಮನೆಯಲ್ಲಿ ತಣ್ಣೀರಿನ ಜೊತೆ ಕಥೆ ಉಚಿತ.

ಕಥೆ ಇಷ್ಟೇ. ‘ಗೆದ್ದರೆ ಗದ್ದುಗೆ’ ಎಂಬ ಟೀವಿ ಆಟದ ಕೊನೆಯ ಸುತ್ತಿನಲ್ಲಿ ನಿರೂಪಕ ನನ್ನನ್ನು, ಆಕ್ಟೋಪಸ್ಸಿಗೆ ಎಷ್ಟು ಹೃದಯ ಎಂದು ಕೇಳಿದ. ನಾನು ಮೂರು ಎಂದೆ. ಫ್ರಿಡ್ಜು ಬಂತು. ಮೊದಮೊದಲು ಈ ಕಥೆಯಲ್ಲಿ ನಾನು ಹತ್ತು ಸೆಕೆಂಡು ಯೋಚಿಸುತ್ತಿದ್ದೆ. ಮಗಳು ಶಾಲೆಗೆ ಸೇರುವ ಹೊತ್ತಿಗೆ ಅದು ಎರಡು ಸೆಕೆಂಡಿಗೆ ಇಳಿಯಿತು. ಅವಳ ಮದುವೆಯ ಮಾತುಕತೆಯ ದಿನವಂತೂ ನಿರೂಪಕ ‘ಆಕ್ಟೋ’ ಅನ್ನುವಷ್ಟರಲ್ಲೇ ನಾನು ಉತ್ತರ ಕೊಟ್ಟಾಗಿತ್ತು. (ಉಳಿದ ‘ಪಸ್ಸು’ ಅವನ ಬಾಯಲ್ಲೇ ಉಳಿಯಿತು.)

ನಿಜ ಸಂಗತಿ ಬೇರೆ. ನಿಮ್ಮೊಬ್ಬರಿಗೆ ಹೇಳುತ್ತೇನೆ.

ನನ್ನದು ಕನ್ನಡಕದ ಅಂಗಡಿ. ಆದರೆ ಅವತ್ತು ಸ್ಟುಡಿಯೋದಲ್ಲಿ ದೀಪಗಳ ಬೆಳಕು ಗಾಜಿಗೆ ಹೊಡೆಯುತ್ತದೆಂದು ನನ್ನ ಕನ್ನಡಕವನ್ನೇ ಕಿತ್ತುಕೊಂಡರು. ಊರಿಗೆಲ್ಲ ಕಣ್ಣು ಕೊಡುವ ಮಹಾನುಭಾವ ಹೆಚ್ಚುಕಡಿಮೆ ಕುರುಡನಾಗಿ ಕುರ್ಚಿಯಲ್ಲಿ ಕುಳಿತಿದ್ದೆ. ಅಷ್ಟರಲ್ಲಿ ಮೂರು ಬರ್ನರಿನ ಗ್ಯಾಸ್ ಒಲೆಯೊಂದನ್ನು ಗೆದ್ದಾಗಿತ್ತು. ಪ್ರಶ್ನೆ ಕೇಳಿದ ಮೇಲೂ ಉತ್ತರಿಸದೆ ಒಲೆ ತೆಗೆದುಕೊಂಡು ಇಳಿಯಬಹುದು. ಉತ್ತರಿಸಿ ತಪ್ಪಿದರೆ ಒಲೆಯೂ ಹೋಯಿತು, ಸರಿಯಾದರೆ ಪರದೆಯ ಹಿಂದಿನ ದೊಡ್ಡ ಬಹುಮಾನ. ಡೋಲು ಬಾರಿಸತೊಡಗಿದರು. ಒಂದೇ ಹೃದಯವಿರುವ ನನಗೇ ಅದು ಗಂಟಲಿಗೆ ಬಂದು ಬಡಿದುಕೊಳ್ಳುತ್ತಿತ್ತು. ಅಂಥವು ಎಷ್ಟೋ ಇವೆ ಎನ್ನುವ ಆ ಪ್ರಾಣಿ ಬದುಕುವುದಾದರೂ ಹೇಗೆ ಎಂದು ಕನಿಕರವಾಯಿತೇ ಹೊರತು ಉತ್ತರ ಹೊಳೆಯಲಿಲ್ಲ. ದಿಕ್ಕೆಟ್ಟು ಪ್ರೇಕ್ಷಕರ ಕಡೆ ನೋಡಿದೆ. ಅಲ್ಲಿ, ಮೊದಲ ಸಾಲಿನಲ್ಲಿ, ಮಂಜುಮಂಜಾಗಿ, ನನ್ನ ಹೆಂಡತಿಯ ಹಸಿರು ಸೀರೆ. ಅದರ ಮೇಲೆ ಎತ್ತಿದ ಒಂದು ಕೈ. ಕೈಯಲ್ಲಿ ಮೂರು ಬೆರಳು.

ಮೂರು ಎಂದೆ.

ಆಮೇಲಿನ ಗದ್ದಲವನ್ನು ಹೇಗೆ ವರ್ಣಿಸಲಿ? ಮೇಲಿನಿಂದ ಬಣ್ಣದ ಕಾಗದ ಸುರಿಯಿತು, ಪರದೆ ಸರಿಯಿತು, ಫ್ರಿಡ್ಜು ಒಳಗಿನ ದೀಪ ಹೊತ್ತಿಸಿಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ನಾನು ನಿರೂಪಕನನ್ನು ಅಪ್ಪಿಕೊಂಡೆ, ಫ್ರಿಡ್ಜನ್ನು ಅಪ್ಪಿಕೊಂಡೆ, ದೀಪ ಹಿಡಿದವನನ್ನೂ ಬಿಡಲಿಲ್ಲ. ಹುಟ್ಟಿದಾರಭ್ಯ ಯಾವುದರಲ್ಲೂ ಮೊದಲು ಬಾರದವನಿಗೆ ಐನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ತಲೆ ನೆಟ್ಟಗಿರುತ್ತದೆಯೇ? ಕೊನೆಗೆ ಹೆಂಡತಿಯ ಹತ್ತಿರ ಓಡಿದಾಗ ಅವಳ ಮುಖ ಮಾತ್ರ ಸಪ್ಪಗಿತ್ತು. ಮೋಸದ ಗೆಲುವು ಅವಳಿಗೆ ಒಗ್ಗಲಿಲ್ಲ ಎಂದುಕೊಂಡೆ. ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎತ್ತದಿದ್ದರೇನು, ಜುಟ್ಟು ಅವಳ ಕೈಯಲ್ಲಿತ್ತಲ್ಲ. ಅಂದಿನಿಂದ ಅವಳು ಹೇಳಿದ್ದೇ ವೇದವಾಕ್ಯ. ಗೋಡೆಗೆ ನೇರಳೆ ಬಣ್ಣ ಅಂದಳು, ಬಳಿಸಿದೆ. ಮೌತ್ ಆರ್ಗನ್ ಊದುವುದು ಬಿಡಿ ಅಂದಳು, ಬಿಟ್ಟೆ. ಅವಳ ತಮ್ಮ ಒಂದು ವಾರಕ್ಕೆಂದು ಬಂದು ಒಂದು ವರ್ಷ ಇದ್ದ. ಅವನಿಗೆ ನನ್ನ ಮಂಚ ಬಿಟ್ಟುಕೊಟ್ಟು ಸೋಫಾದಲ್ಲಿ ಮಲಗಿದೆ. ಸ್ನಾನಕ್ಕೆ ಹೊರಟವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೂರು ಬೆರಳು ತೋರಿಸಿ, ಕುಕ್ಕರು ಇಷ್ಟು ಸಲ ಕೂಗಿದ ಮೇಲೆ ಆರಿಸಿ ಅನ್ನುತ್ತಿದ್ದಳು. ಅದು ಕುಕ್ಕರಿನ ಲೆಕ್ಕವಲ್ಲ, ನನಗೆ ಎಚ್ಚರಿಕೆ ಎಂದೇ ತಿಳಿದು ಕುಕ್ಕರಿಗಿಂತ ಮೊದಲು ನಾನು ಬೆವರುತ್ತಿದ್ದೆ.

ಹೀಗಿರುವಾಗ ಮಗಳು ಗಂಡನ ಮನೆಯಿಂದ ಫೋನು ಮಾಡಿ, ಅಪ್ಪ ಗೆದ್ದ ಕಂತು ಈ ಭಾನುವಾರ ಬರುತ್ತದೆ, ನಾವೆಲ್ಲ ಅಲ್ಲಿಗೇ ಬಂದು ಫ್ರಿಡ್ಜಿನ ಎದುರಿಗೇ ಕೂತು ನೋಡುತ್ತೇವೆ ಎಂದಳು. ಎಲ್ಲರೂ ಅಂದರೆ ಅವಳ ಮಾವನೂ ಸೇರಿ. ನಮ್ಮ ಬೀಗರು ನಿವೃತ್ತ ಹೆಡ್ಮಾಸ್ತರು. ಪರೀಕ್ಷೆಯಲ್ಲಿ ನಕಲು ಹಿಡಿಯುವುದರಲ್ಲಿ ನಿಸ್ಸೀಮರು. ಹುಡುಗರು ಕೆಮ್ಮಿದರೆ ಯಾವ ಪ್ರಶ್ನೆಗೆ ಕೆಮ್ಮಿದರು ಎಂದು ಹೇಳಬಲ್ಲವರಂತೆ. ಅಂಥವರೆದುರು ನನ್ನ ಹೆಂಡತಿಯ ಮೂರು ಬೆರಳು ಪರದೆ ತುಂಬ ಬಂದರೆ ನನ್ನ ಮುಖ ಎಲ್ಲಿಡಲಿ? ಮಗಳ ಮರ್ಯಾದೆ? (ಮೊದಲ ಸಲ ಅದು ಪ್ರಸಾರವಾದ ದಿನ ಊರಿಗೇ ಕರೆಂಟು ಹೋಗಿ, ಪುಣ್ಯಕ್ಕೆ ನಮ್ಮವರು ಯಾರೂ ನೋಡಿರಲಿಲ್ಲ.)

ಕೇಬಲ್ಲಿನವನ ಹತ್ತಿರ ಗುಟ್ಟಾಗಿ ಹೋಗಿ, ಭಾನುವಾರ ನಾಲ್ಕರಿಂದ ಐದರವರೆಗೆ ನಮ್ಮ ಬೀದಿಯ ತಂತಿ ಸ್ವಲ್ಪ ‘ರಿಪೇರಿ’ ಮಾಡಲಾದೀತೇ ಎಂದು ವಿಚಾರಿಸಿದೆ. ಅವನು ನನ್ನ ಕೈ ಹಿಡಿದು ಕುಲುಕಿದ. ಅವನ ತಾಯಿ ನಮ್ಮ ಮನೆಯ ತಣ್ಣೀರು ಕುಡಿದವರಂತೆ, ಕಥೆ ಕೇಳಿದವರಂತೆ. ಆ ಗಂಟೆ ಮಾತ್ರ ತಂತಿಗೆ ಏನೂ ಆಗದಂತೆ ತಾನು ಖುದ್ದು ಕಂಬದ ಬುಡದಲ್ಲೇ ಕಾವಲು ನಿಲ್ಲುವುದಾಗಿ ಮಾತು ಕೊಟ್ಟು ಕಳಿಸಿದ.

ಭಾನುವಾರ ಬಂತು. ಬೀಗರು ಟೀವಿಗೆ ನೇರವಾಗಿ ಕುರ್ಚಿ ಎಳೆದುಕೊಂಡು, ಪರೀಕ್ಷಾ ಕೊಠಡಿಯಲ್ಲಿ ಕೂತ ಹಾಗೆ ಕೂತರು. ಮಗಳು, ಅಳಿಯ ಸೋಫಾದಲ್ಲಿ. ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟು ಬಾಗಿಲಿಗೆ ಒರಗಿದಳು. ನಾಲ್ಕಕ್ಕೆ ಐದು ನಿಮಿಷ. ಸೋಪಿನ ಜಾಹೀರಾತು ಬರುತ್ತಿತ್ತು. ಆ ನೊರೆ ನೋಡುತ್ತ ನೋಡುತ್ತ ನನ್ನ ಧೈರ್ಯ ಕರಗಿಹೋಯಿತು. ಟೀವಿ ಹೇಳುವುದಕ್ಕಿಂತ ನಾನೇ ಹೇಳುವುದು ಮೇಲೆಂದು ಎದ್ದು ನಿಂತೆ.

“ಬೀಗರೇ, ಒಂದು ವಿಷಯ. ಆ ಉತ್ತರ ನನ್ನದಲ್ಲ. ಇವಳು ಮೂರು ಬೆರಳು ತೋರಿಸಿದಳು, ನಾನು ಹೇಳಿದೆ.”

ಬೀಗರು ಕನ್ನಡಕ ತೆಗೆದು ಒರೆಸತೊಡಗಿದರು. (ನಾನೇ ಕೊಟ್ಟ ಕನ್ನಡಕ.) ಮಗಳು ತಲೆ ತಗ್ಗಿಸಿದಳು. ಹೆಂಡತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಯಾವ ಬೆರಳು ರೀ?” ಅಂದಳು.

ಅಷ್ಟರಲ್ಲಿ ಕಹಳೆ ಊದಿ ಆಟ ಶುರುವಾಯಿತು. ಪರದೆಯ ಮೇಲೆ ನಾನು ಬಂದೆ. ಕಾಲಿಗೆ ಎರಡು ಗೋಣಿಚೀಲದಂಥ ಪ್ಯಾಂಟು, ಕಣ್ಣು ಕಿರಿದು ಮಾಡಿ ನಿರೂಪಕನ ಬದಲು ಪಕ್ಕದ ಹೂಕುಂಡಕ್ಕೆ ನಮಸ್ಕಾರ ಮಾಡುತ್ತಿದ್ದೆ. ಯಾರೂ ನಗಲಿಲ್ಲ. ಒಲೆ ಗೆದ್ದೆ. ಕೊನೆಯ ಪ್ರಶ್ನೆ ಬಂತು, ಡೋಲು ಬಂತು. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿತು. ಹಸಿರು ಸೀರೆ. ಎತ್ತಿದ ಕೈ. ಮೂರು ಬೆರಳು, ಸ್ಫಟಿಕದಷ್ಟು ಸ್ಪಷ್ಟ.

ಆದರೆ ಕೈ ಅಲ್ಲಿಗೇ ನಿಲ್ಲಲಿಲ್ಲ. ಮೂರು ಬೆರಳು ತೋರಿಸಿದ ಮೇಲೆ ಅವಳು ವೇದಿಕೆಯ ಬದಿಗಿದ್ದ ಮೂರು ಬರ್ನರಿನ ಒಲೆಯ ಕಡೆ ಬೆರಳು ಮಾಡಿದಳು. ಆಮೇಲೆ ಎರಡೂ ಕೈಯಿಂದ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳುವಂತೆ ಅಭಿನಯಿಸಿದಳು. ಆಮೇಲೆ ‘ಇಳಿದು ಬನ್ನಿ, ಇಳಿದು ಬನ್ನಿ’ ಎಂದು ಬಾಯಿ ಆಡಿಸಿದಳು. ಹತ್ತು ವರ್ಷದ ಮಗು ಕೂಡ ಓದಬಹುದಿತ್ತು. ಇವಿಷ್ಟೂ ನಡೆಯುವಷ್ಟರಲ್ಲಿ ನಾನು ಆಗಲೇ ಮುಖ ತಿರುಗಿಸಿಕೊಂಡು, ಎದೆ ಉಬ್ಬಿಸಿ, ಮೂರು ಅಂದಾಗಿತ್ತು. ಬಣ್ಣದ ಕಾಗದ ಸುರಿಯಿತು. ಎಲ್ಲರೂ ಎದ್ದು ಕುಣಿಯುತ್ತಿದ್ದರು. ಹಸಿರು ಸೀರೆಯೊಂದು ಮಾತ್ರ ಕೂತಲ್ಲೇ ಕೂತು ಒಲೆಯನ್ನು ನೋಡುತ್ತಿತ್ತು.

ನಡುಮನೆಯಲ್ಲಿ ಫ್ರಿಡ್ಜು ಗುರ್ ಎಂದಿತು. ಬೀಗರು ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು ತೀರ್ಪು ಕೊಟ್ಟರು.

“ನಕಲು ಹೊಡೆಯೋ ಉದ್ದೇಶ ಇತ್ತು. ಆದ್ರೆ ನೀವು ನೋಡಿದ ಹಾಳೇಲಿ ಉತ್ತರಾನೇ ಇರಲಿಲ್ಲ. ಮೂವತ್ನಾಲ್ಕು ವರ್ಷದ ಸರ್ವೀಸಲ್ಲಿ ಇಂಥ ಕೇಸು ನಾನು ನೋಡಿಲ್ಲ ಬೀಗರೇ.”

ಅಳಿಯ ಮೊದಲು ನಕ್ಕ. ಮಗಳು ಅವನ ತೊಡೆಗೆ ಚಿವುಟಲು ಹೋಗಿ ತಾನೂ ನಕ್ಕಳು. ಮರ್ಯಾದೆ ಹೋಗಲಿಲ್ಲ, ನಗೆಪಾಟಲಾಯಿತು, ಅಷ್ಟೇ. ನನಗೋ ಬೆನ್ನ ಮೇಲಿನ ಮೂಟೆ ಇಳಿದಂತಾಯಿತು. ಹಾಗಾದರೆ ನಾನು ಮೋಸಗಾರನಲ್ಲ. ಹಾಗಾದರೆ ನನ್ನ ಜುಟ್ಟು ಯಾರ ಕೈಯಲ್ಲೂ ಇರಲೇ ಇಲ್ಲ. ಆ ಸಂಭ್ರಮದಲ್ಲಿ ನಾಲಿಗೆ ಹಿಡಿತ ತಪ್ಪಿ, ಇಷ್ಟು ವರ್ಷ ಸುಮ್ಮಸುಮ್ಮನೆ ನಿನಗೆ ಹೆದರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆನಲ್ಲೇ ಎಂದುಬಿಟ್ಟೆ.

ಅವಳು ಕಾಫಿ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡಳು.

“ಹೆದರಿ ಕೇಳ್ತಿದ್ರಾ?” ಅಂದಳು ಮೆಲ್ಲಗೆ. “ನಾನು ಪ್ರೀತಿ ಅಂದ್ಕೊಂಡಿದ್ದೆ. ನಮ್ಮಕ್ಕನ ಹತ್ರ ಎಲ್ಲ ಹೇಳ್ಕೊಂಡಿದ್ದೆ.”

ಅಷ್ಟು ಹೇಳಿ ಒಳಗೆ ಹೋದಳು. ನಾನು ಜಗಳವನ್ನಾದರೂ ತಡೆದುಕೊಳ್ಳುತ್ತೇನೆ. ಈ ದನಿಗೆ ನನ್ನಲ್ಲಿ ಔಷಧವಿರಲಿಲ್ಲ.

ಮರುದಿನದಿಂದ ನನ್ನ ಸ್ವಾತಂತ್ರ್ಯ ಆರಂಭವಾಯಿತು. ಯಾವ ಅಂಗಿ ಹಾಕಲಿ ಎಂದೆ. “ನಿಮ್ಮಿಷ್ಟ” ಅಂದಳು. ಮಧ್ಯಾಹ್ನ ಊಟಕ್ಕೆ ಬರಲೋ, ಅಂಗಡಿಗೇ ತರಿಸಿಕೊಳ್ಳಲೋ? ನಿಮ್ಮಿಷ್ಟ. ಸಿಟ್ಟೇ? ನೀವು ಹೇಗೆ ತಿಳ್ಕೊಂಡ್ರೆ ಹಾಗೆ, ನಿಮ್ಮಿಷ್ಟ. ಮದುವೆಯಾದ ಗಂಡಸಿಗೆ ಇದಕ್ಕಿಂತ ಭೀಕರವಾದ ಪದ ನಿಘಂಟಿನಲ್ಲಿ ಇನ್ನೊಂದಿಲ್ಲ. ಮಂಗಳವಾರ ಅಟ್ಟದಿಂದ ಮೌತ್ ಆರ್ಗನ್ ಇಳಿಸಿ, ಅವಳು ಬಯ್ಯಲೆಂದೇ ಕಿವಿಯ ಹತ್ತಿರ ಹೋಗಿ ಊದಿದೆ. ಬಯ್ಯಲಿಲ್ಲ. ಬುಧವಾರ ಕುಕ್ಕರು ಎಷ್ಟು ಸಲ ಕೂಗಬೇಕೆಂದು ಯಾರೂ ಹೇಳದೆ, ಅದು ಒಂಬತ್ತು ಸಲ ಕೂಗಿ ಅನ್ನ ಅಂಟಿನಂತಾಯಿತು. ಇಬ್ಬರೂ ಅದನ್ನೇ ತಿಂದೆವು. ಗುರುವಾರ ಅಂಗಡಿಯಲ್ಲಿ ದೂರದ್ದು ಕಾಣದವರೊಬ್ಬರಿಗೆ ಓದುವ ಗಾಜು ಕೂರಿಸಿ ಕೊಟ್ಟೆ. ಪಾಪ, ಆ ಮನುಷ್ಯ ಕಂಬಕ್ಕೆ ಕ್ಷಮೆ ಕೇಳಿ ವಾಪಸು ಬಂದರು.

ಶನಿವಾರ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಪಾತ್ರೆ ಅಂಗಡಿಗೆ ಹೋದೆ. ಮೂರು ಬರ್ನರಿನ ಒಲೆಗಳು ಸಾಲಾಗಿದ್ದವು. ಸ್ಟೀಲಿನದೋ, ಗಾಜಿನ ಮೈಯದೋ ತಿಳಿಯದೆ ಮನೆಗೆ ಫೋನು ಮಾಡಿದೆ. ಏನು ಉತ್ತರ ಬಂತೆಂದು ನಿಮಗೂ ಗೊತ್ತು. ಇದ್ದುದರಲ್ಲಿ ದೊಡ್ಡದನ್ನು, ಕನ್ನಡಿಯಂತೆ ಹೊಳೆಯುವ ಗಾಜಿನದನ್ನು ಆರಿಸಿ, ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಏದುಸಿರು ಬಿಡುತ್ತ ನಿಂತೆ. ಕಟ್ಟೆ ಗೇಣುದ್ದ ಸಾಲದೆ, ಒಲೆಯ ಒಂದು ಕಾಲು ಗಾಳಿಯಲ್ಲಿ ತೂಗಾಡಿತು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಸುತ್ತ ನೋಡಿದಳು, ಬಗ್ಗಿ ನೋಡಿದಳು, ಮಧ್ಯದ ಬರ್ನರನ್ನು ಒಮ್ಮೆ ಸವರಿದಳು. ಅವಳ ಮೂಗಿನ ಹೊಳ್ಳೆ ಅರಳಿತು. ಬಯ್ಯುವ ಮೊದಲಿನ ಆ ಲಕ್ಷಣ ಕಂಡು ಆರು ದಿನವಾಗಿತ್ತು.

“ಗಾಜಿಂದು ಯಾರು ತರೋಕೆ ಹೇಳಿದ್ದು? ನಾಲ್ಕು ದಿನಕ್ಕೆ ಒಡೆದುಹೋಗತ್ತೆ. ಅಳತೆ ತಗೊಂಡು ಹೋಗಬೇಕು ಅನ್ನೋ ಬುದ್ಧಿ ಬೇಡ್ವಾ? ಈಗಲೇ ವಾಪಸ್ ಕೊಟ್ಟು ಸ್ಟೀಲಿಂದು ತನ್ನಿ. ಅಂಗಡಿಯವನ ಹತ್ರ ನೀವು ಮಾತಾಡಬೇಡಿ, ನನಗೆ ಫೋನ್ ಕೊಡಿ.”

ನಾನು ಒಲೆಯನ್ನು ಮತ್ತೆ ಹೆಗಲಿಗೇರಿಸಿಕೊಂಡೆ. ಎರಡನೇ ಮಹಡಿಯ ತಿರುವಿನಲ್ಲಿ ಪಕ್ಕದ ಮನೆಯ ದರ್ಜಿ ಎದುರಾಗಿ, ಇಷ್ಟು ಭಾರ ಹೊತ್ತುಕೊಂಡು ಯಾಕೆ ಸ್ವಾಮಿ ಹೀಗೆ ಹಲ್ಲು ಬಿಡುತ್ತಿದ್ದೀರಿ, ಮತ್ತೆ ಏನಾದರೂ ಗೆದ್ದಿರಾ ಎಂದು ಕೇಳಿದ. ಹೌದು ಎಂದು ಹೇಳಿ, ಅವಳು ಮನಸ್ಸು ಬದಲಾಯಿಸುವ ಮೊದಲೇ ಮೆಟ್ಟಿಲಿಳಿದು ಓಡಿದೆ.