ಎದುರುಮನೆಗೆ ಹೋದ ಗಂಡ

ಹೆಂಡತಿ ಗಂಡನನ್ನು ಎತ್ತಿ ಕೂರಿಸಿದರೆ, ಉಣಿಸಿದರೆ, ತೊಳೆದರೆ, ಮಗ್ಗುಲು ಬದಲಿಸಿ ಮಲಗಿಸಿದರೆ ಅದು ಕೆಲಸವಲ್ಲ. ಇದು ನನ್ನ ಮಾತಲ್ಲ, ಅಂಗವಿಕಲರ ಆರೈಕೆ ಭತ್ಯೆ ಕಚೇರಿಯ ನಿಯಮ. ಅದಕ್ಕೆ ಅವರು ಒಂದು ಹೆಸರನ್ನೂ ಇಟ್ಟಿದ್ದಾರೆ. ಸಹಜ... ಸಹಜ ಏನೋ. ಸಹಜ ಹೆರಿಗೆಯಲ್ಲ, ಅದು ಬೇರೆ ಕಟ್ಟಡ. ನಾಲಿಗೆಯ ತುದಿಯಲ್ಲೇ ಇದೆ. ನಾನು ಹುಟ್ಟಿದ ಊರಿನಲ್ಲಿ ಇದಕ್ಕೆ ಪದವೇ ಇರಲಿಲ್ಲ. ಮನೆಯಲ್ಲಿ ಕಾಯಿಲೆಯವರು ಇರುತ್ತಿದ್ದರು, ಉಳಿದವರು ನೋಡಿಕೊಳ್ಳುತ್ತಿದ್ದರು, ಮಧ್ಯೆ ಹೆಸರಿಡಲು ಯಾರೂ ಬರುತ್ತಿರಲಿಲ್ಲ. ಈ ದೂರದ ಊರು ತುಂಬ ಮುಂದುವರಿದಿದೆ. ಪದ ನೆನಪಾದಾಗ ಹೇಳುತ್ತೇನೆ.

ನಮ್ಮ ಯಜಮಾನರು ಬೀಗ ರಿಪೇರಿಯವರು. ಬೀದಿಯಲ್ಲಿ ಕೀಲಿ ಕಳೆದುಕೊಂಡವರೆಲ್ಲ ನಮ್ಮ ಬಾಗಿಲಿಗೇ ಬರುತ್ತಿದ್ದರು. ಲಕ್ವ ಹೊಡೆದ ಮೇಲೆ ಬಲಗೈ, ಬಲಗಾಲು ಹೋದವು. ಮಾತಿನಲ್ಲಿ ಒಂದೇ ಒಂದು ಉಳಿಯಿತು: "ಆಯ್ತು." ಹಸಿವೆಯಾ? ಆಯ್ತು. ನೋವಾ? ಆಯ್ತು. ಆ ಒಂದು ಮಾತಿನ ಏರಿಳಿತದಲ್ಲೇ ಯಾವುದು ಬೇಕು, ಯಾವುದು ಬೇಡ ಎಂಬುದು ನನಗೆ ತಿಳಿಯುತ್ತದೆ. ಅವರಿಗೆ ಮಾತು ಹೋಗಿದೆ ಎಂದು ಕಚೇರಿಯವರನ್ನು ನಂಬಿಸುವುದು ಮಾತ್ರ ಕಷ್ಟವಾಯಿತು. ಅಲ್ಲಿನ ಸಿಬ್ಬಂದಿಯೂ ದಿನವಿಡೀ ಆ "ಆಯ್ತು" ಒಂದನ್ನೇ ಹೇಳುತ್ತಿದ್ದರು.

ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯಿತು. ಸಹಾಯಕ್ಕೆ ಆಳು ಬೇಕು, ಆಳಿಗೆ ಭತ್ಯೆ ಬೇಕು. ಭತ್ಯೆ ಸಿಗದಿದ್ದರೆ ಅವರನ್ನು ಊರಾಚೆಯ ಸರ್ಕಾರಿ ಆರೈಕೆ ಕೇಂದ್ರಕ್ಕೆ ಸೇರಿಸಬೇಕು. ಅದನ್ನು ನಾನು ಹೋಗಿ ನೋಡಿ ಬಂದಿದ್ದೆ. ಗೋಡೆಗೆ ಮುಖ ಮಾಡಿದ ಮಂಚಗಳ ಸಾಲು. "ನಮ್ಮಲ್ಲಿ ಯಾರೂ ಗಲಾಟೆ ಮಾಡಲ್ಲ" ಎಂದು ಮೇಲ್ವಿಚಾರಕಿ ಹೆಮ್ಮೆಯಿಂದ ಹೇಳಿದ್ದಳು. ಯಾವ "ಆಯ್ತು" ಎಂದರೆ ಕಾಲು ಸೆಳೆಯುತ್ತಿದೆ ಎಂದು ಅಲ್ಲಿ ಯಾರಿಗೆ ಗೊತ್ತಾಗಬೇಕು?

ಕಚೇರಿಯ ಗಾಜಿನ ಹಿಂದೆ ಕೂತ ಗುಮಾಸ್ತ ಒಳ್ಳೆಯ ಮನುಷ್ಯ.

"ಅಜ್ಜಿ, ಇವರಿಗೆ ನೀವು ಏನಾಗ್ಬೇಕು?"

"ಹೆಂಡ್ತಿ."

"ಅಯ್ಯೋ ಪಾಪ," ಎಂದ. "ಹಾಗಾದ್ರೆ ಬರಲ್ಲ. ಮನೆಯವರು ಮಾಡೋದು ಸಹಜ ವಾತ್ಸಲ್ಯ."

ಹಾಂ, ವಾತ್ಸಲ್ಯ! ಬಂತು ನೋಡಿ.

"ವಾತ್ಸಲ್ಯಕ್ಕೆ ದುಡ್ಡು ಕೊಟ್ರೆ ವಾತ್ಸಲ್ಯಕ್ಕೇ ಅವಮಾನ ಅಲ್ವಾ ಅಜ್ಜಿ? ಅದೇ ಹೊರಗಿನವರು ಮಾಡಿದ್ರೆ ಸೇವೆ. ಸೇವೆಗೆ ಪೂರ್ತಿ ಕೊಡ್ತೀವಿ."

"ನಾನೂ ಹೊರಗಿನವಳೇ ಕಣಪ್ಪ. ಈ ಊರಿಗೆ ಬಂದು ತಲೆ ನರೆತ್ರೂ 'ನೀವು ಎಲ್ಲಿಯವರು' ಅಂತ ಕೇಳೋದನ್ನ ಯಾರೂ ಬಿಟ್ಟಿಲ್ಲ."

"ಅದು ಬೇರೆ ಹೊರಗು," ಎಂದ.

ನನ್ನ ಹಿಂದೆ ಎದುರುಮನೆಯ ಸೊಸೆ ನಿಂತಿದ್ದಳು. ಅವಳ ಅತ್ತೆಗೆ ಕಣ್ಣು ಹೋಗಿತ್ತು, ಮಂಡಿ ಹೋಗಿತ್ತು. ಬಾಯಿ ಮಾತ್ರ ಆ ಎರಡರ ಪಾಲಿನ ಕೆಲಸವನ್ನೂ ವಹಿಸಿಕೊಂಡಿತ್ತು.

"ಸೊಸೆ ಅತ್ತೆಗೆ ಮಾಡಿದ್ರೂ ವಾತ್ಸಲ್ಯಾನಾ ಸಾರ್?"

"ನಿಯಮದ ಪ್ರಕಾರ ವಾತ್ಸಲ್ಯಾನೇ."

"ನಿಯಮ ಬರೆದವರನ್ನ ಒಂದಿನ ನಮ್ಮನೆಗೆ ಕಳ್ಸಿ. ಅತ್ತೆ ಎದುರಿಗೆ ಕೂರಿಸ್ತೀನಿ."

ಗುಮಾಸ್ತ ಅವಳನ್ನು ನೋಡಿದ, ನನ್ನನ್ನು ನೋಡಿದ, ದನಿ ತಗ್ಗಿಸಿದ. "ನಿಮ್ಮಿಬ್ಬರಿಗೂ ಸಂಬಂಧ ಗಿಂಬಂಧ ಏನೂ ಇಲ್ವಲ್ಲ?"

"ಎದುರುಬದುರು ಮನೆ, ಅಷ್ಟೇ."

"ಮತ್ತಿನ್ನೇನು?" ಎಂದವನೇ ಎರಡೂ ಅರ್ಜಿಗಳಲ್ಲಿ ನಮ್ಮ ಹೆಸರುಗಳನ್ನು ಅದಲುಬದಲು ಮಾಡಿ ಮೊಹರು ಒತ್ತಿದ.

ಹೀಗೆ ನಾನು ಎದುರುಮನೆಯ ಅತ್ತೆಗೆ ಸೇವಾದಾರಳಾದೆ, ಅವಳು ನನ್ನ ಗಂಡನಿಗೆ ಸೇವಾದಾರಳಾದಳು. ಭತ್ಯೆ ಬಂತು. ಯಾರೂ ಎಲ್ಲಿಗೂ ಹೋಗಲಿಲ್ಲ, ಅವರವರ ಮನೆಯವರನ್ನು ಅವರವರೇ ನೋಡಿಕೊಂಡೆವು. ಇದನ್ನು ಮೋಸ ಎನ್ನುವವರೂ ಬೀದಿಯಲ್ಲಿದ್ದರು. ಅವರ ಮನೆಗಳಲ್ಲಿ ಎಲ್ಲರೂ ಎದ್ದು ಓಡಾಡುತ್ತಾರೆ.

ತನಿಖಾಧಿಕಾರಿ ಬಂದದ್ದು ನಾನು ಯಜಮಾನರಿಗೆ ಉಣಿಸುತ್ತಿದ್ದಾಗ. ಗಲ್ಲದ ಮೇಲೆ ಇಳಿದದ್ದನ್ನು ಬೆರಳಲ್ಲಿ ಒರೆಸಿದೆ. ಆಕೆ ಬಾಗಿಲಲ್ಲೇ ನಿಂತು ಪೆನ್ನು ತೆಗೆದಳು. ಮರುವಾರ ನೋಟೀಸು ಬಂತು.

"ತಪಾಸಣೆಯ ವೇಳೆ ಸದರಿ ಮನೆಯಲ್ಲಿ ವಾತ್ಸಲ್ಯ ಸೋರಿಕೆ ಕಂಡುಬಂದಿರುತ್ತದೆ. ಇದು ಮರುಕಳಿಸಿದಲ್ಲಿ ಭತ್ಯೆಯನ್ನು ರದ್ದುಗೊಳಿಸಿ ಫಲಾನುಭವಿಯನ್ನು ಸರ್ಕಾರಿ ಆರೈಕೆ ಕೇಂದ್ರಕ್ಕೆ ಸ್ಥಳಾಂತರಿಸಲಾಗುವುದು. ಸೋರಿಕೆ ತಡೆಗಟ್ಟುವ ಸಲುವಾಗಿ ಫಲಾನುಭವಿಯು ಸೇವಾದಾರರ ಮನೆಯಲ್ಲೇ ವಾಸಿಸತಕ್ಕದ್ದು. ಕುಟುಂಬದವರು ಸಂಜೆಯ ಹೊತ್ತು ಸಂದರ್ಶಕರಾಗಿ ಬರಬಹುದು. ಸಂದರ್ಶಕರು ದಿಂಬು ಸರಿಪಡಿಸುವುದು, ಬಾಯಿ ಒರೆಸುವುದು, ಹಣೆ ಮುಟ್ಟಿ ನೋಡುವುದು ಹಾಗೂ ಸಕಾರಣವಿಲ್ಲದೆ ನಿಟ್ಟುಸಿರು ಬಿಡುವುದನ್ನು ನಿಷೇಧಿಸಲಾಗಿದೆ."

ನಿಯಮ ಎಂದ ಮೇಲೆ ನಿಯಮ. ನಮ್ಮ ಜೊತೆಗಿರುವ ಮೊಮ್ಮಗಳು ತಾತನ ಗಾಲಿಕುರ್ಚಿ ತಳ್ಳಿದಳು, ಆ ಕಡೆಯಿಂದ ಸೊಸೆ ಅತ್ತೆಯನ್ನು ತಳ್ಳಿಕೊಂಡು ಬಂದಳು. ನಡುಬೀದಿಯಲ್ಲಿ ಎರಡು ಕುರ್ಚಿಗಳೂ ಎದುರಾದವು. ಹಿಂದೆ ಒಂದು ಲಾರಿ ಹಾರನ್ ಹೊಡೆಯಿತು.

"ಯಾರೇ ಅದು?" ಎಂದರು ಅತ್ತೆ.

"ಬೀಗದವರು ಅತ್ತೆ. ನಮ್ಮನೆಗೆ ಬರ್ತಿದ್ದಾರೆ."

"ಮನೆಗೆ ಬೀಗ ಹಾಕಿ ನನ್ನ ಆಚೆ ಕಳಿಸ್ತಿದೀಯಾ? ರೀ ಬೀಗದವರೇ, ನೋಡಿದ್ರಾ ಇವಳ ಬುದ್ಧಿ?"

"ಆಯ್ತು," ಎಂದರು ನಮ್ಮವರು.

"ಗಂಡಸು ಅಂದ್ರೆ ಹೀಗಿರ್ಬೇಕು. ಒಂದೇ ಮಾತಿಗೆ ಒಪ್ಕೊಂಡ್ರು!"

ಅತ್ತೆ ನಮ್ಮ ಮನೆಯಲ್ಲಿ ಅರಳಿದರು. ಸೊಸೆಯ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಇಷ್ಟು ವರ್ಷ ಸೊಸೆಗೇ ಹೇಳಿ ಹೇಳಿ ಅವರಿಗೆ ಬೇಸರವಾಗಿತ್ತು. ಈಗ ಹೊಸ ಕಿವಿ ಸಿಕ್ಕಿತು. ನನ್ನ ಅಡುಗೆಗೆ ಉಪ್ಪು ಕಡಿಮೆ, ನನ್ನ ಕೈ ಒರಟು, ನನ್ನ ಹಾಸಿಗೆ ಗಟ್ಟಿ ಎನ್ನುತ್ತ ತಟ್ಟೆ ಖಾಲಿ ಮಾಡಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಸಂಜೆ ನಾನು ಸಂದರ್ಶಕಳಾಗಿ ಬೀದಿ ದಾಟುತ್ತಿದ್ದೆ. ಸೊಸೆ ನನಗೊಂದು ಕುರ್ಚಿ ಹಾಕುತ್ತಿದ್ದಳು, ಮಂಚದಿಂದ ಕೈಗೆಟುಕದಷ್ಟು ದೂರಕ್ಕೆ. ಅವಳದೇನೂ ತಪ್ಪಿಲ್ಲ. ತನಿಖಾಧಿಕಾರಿ ಯಾವಾಗ ಬೇಕಾದರೂ ಬರಬಹುದಿತ್ತು. ಯಜಮಾನರು ಎಡಗೈಯಲ್ಲಿ ಒಂದು ಹಳೇ ಬೀಗ ಹಿಡಿದು ನನ್ನನ್ನೇ ನೋಡುತ್ತ "ಆಯ್ತು" ಎನ್ನುತ್ತಿದ್ದರು. ಅದು ಮನೆಗೆ ಹೋಗೋಣ ಎನ್ನುವ ಆಯ್ತು. ನಾನು ನಿಟ್ಟುಸಿರು ಬಿಡದೆ ಎದ್ದು ಬರುತ್ತಿದ್ದೆ. ಒಮ್ಮೆ ನಮ್ಮ ಕಿಟಕಿಯಿಂದಲೇ "ಎಡಗಡೆ ದಿಂಬು ಕೊಡೇ, ಅವರಿಗೆ ಕುತ್ತಿಗೆ ಹಿಡಿಯುತ್ತೆ" ಎಂದು ಕೂಗಿಬಿಟ್ಟೆ. ಅದನ್ನು ದೂರ ವಾತ್ಸಲ್ಯ ಎಂದು ದಾಖಲಿಸಿಕೊಂಡರು. ಕಿಟಕಿಗೆ ದಪ್ಪ ಪರದೆ ಹಾಕಿಸುವಂತೆ ಆದೇಶವಾಯಿತು.

ನಮ್ಮಿಬ್ಬರಿಗೆ ಭತ್ಯೆ ಬರುವುದನ್ನು ಕಂಡು ಬೀದಿಯವರೂ ಸುಮ್ಮನಿರಲಿಲ್ಲ. ದರ್ಜಿಯ ಅಪ್ಪ ಔಷಧಿ ಅಂಗಡಿಯವನ ಮನೆಗೆ ಹೋದ, ಔಷಧಿ ಅಂಗಡಿಯವನ ನಡೆಯಲಾರದ ಮಗ ದರ್ಜಿಯ ಮನೆಗೆ ಬಂದ. ಸಂಜೆಯಾದರೆ ಬೀದಿ ತುಂಬ ಸಂದರ್ಶಕರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಕಚೇರಿಯವರು ಬೀದಿಯ ತುದಿಯಲ್ಲಿ ಫಲಕ ನೆಟ್ಟರು: "ಸೋರಿಕೆ ಮುಕ್ತ ಬೀದಿ." ಒಂದು ಸಣ್ಣ ಸಮಾರಂಭವೂ ಆಯಿತು. ತನ್ನ ಮಗ ಮಲಗಿದ್ದ ಕಿಟಕಿಯ ಕೆಳಗೇ ನಿಂತು, ಮೇಲೆ ನೋಡದೆ, ಔಷಧಿ ಅಂಗಡಿಯವನು ವಂದನಾರ್ಪಣೆ ಮಾಡಿದ.

ವರ್ಷ ತುಂಬುವ ಹೊತ್ತಿಗೆ ನನ್ನದೇ ತಪ್ಪಿನಿಂದ ಎಡವಟ್ಟಾಯಿತು. ತನಿಖಾಧಿಕಾರಿ ಬಂದಾಗ ಅತ್ತೆ ಮತ್ತು ನಾನು ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆಕೆ ಪೆನ್ನು ತೆಗೆದಳು. ಹೊರಗಿನವರಲ್ಲಿ ಕ್ರಮೇಣ ಬೆಳೆಯುವಂಥದ್ದಕ್ಕೆ ಆರ್ಜಿತ ವಾತ್ಸಲ್ಯ ಎನ್ನುತ್ತಾರಂತೆ. ಅದಕ್ಕೂ ಭತ್ಯೆಯಿಲ್ಲ. ಅದಲುಬದಲು ಒಂದು ಕಡೆ ಮುರಿದರೆ ಇನ್ನೊಂದು ಕಡೆಯೂ ಮುರಿದ ಹಾಗೆ, ಅತ್ತೆಗೂ ನಮ್ಮವರಿಗೂ ಬೇರೆ ಜಾಗ ಗೊತ್ತುಮಾಡಬೇಕು, ಇಲ್ಲವೇ ಇಬ್ಬರೂ ಕೇಂದ್ರಕ್ಕೆ.

ಗೋಡೆಗೆ ಮುಖ ಮಾಡಿದ ಮಂಚಗಳು ಕಣ್ಣ ಮುಂದೆ ಬಂದವು. ಗುಮಾಸ್ತನ ಬಳಿಗೆ ಓಡಿದೆ.

"ಅಳ್ಬೇಡಿ ಅಜ್ಜಿ," ಎಂದ. "ಇಷ್ಟು ದಿನ ಗಂಡನ್ನ ಮುಟ್ಟಿಲ್ಲ ತಾನೆ?"

"ಇಲ್ಲಪ್ಪ."

"ಹಾಗಾದ್ರೆ ಸಹಜ ವಾತ್ಸಲ್ಯ ಒಣಗಿರುತ್ತೆ. ಒಣಗಿದೆ ಅಂತ ಪರೀಕ್ಷೆಯಲ್ಲಿ ಸಾಬೀತಾದ್ರೆ ನೀವೂ ಹೊರಗಿನವರೇ. ಅವರನ್ನ ನೀವೇ ಇಟ್ಕೊಂಡು ಭತ್ಯೆ ತಗೋಬಹುದು. ನಾನು ಮೊದಲೇ ಹೇಳ್ಬೇಕಿತ್ತು, ನೀವು ಕೇಳ್ಲಿಲ್ಲ."

ಪರೀಕ್ಷೆ ಎದುರುಮನೆಯ ಹಜಾರದಲ್ಲಿ ನಡೆಯಿತು. ಸೊಸೆಯ ಸರದಿ ಬೇಗ ಮುಗಿಯಿತು. ಅವಳಲ್ಲಿ ವಾತ್ಸಲ್ಯ ಮೊದಲಿನಿಂದಲೂ ಇರಲಿಲ್ಲ ಎಂದು ಅತ್ತೆಯೇ ಸಾಕ್ಷಿ ಹೇಳಿದರು. ಹೇಳುತ್ತಲೇ ಇದ್ದರು, ತನಿಖಾಧಿಕಾರಿ ಕೈಮುಗಿದು ನಿಲ್ಲಿಸಬೇಕಾಯಿತು.

ಆಮೇಲೆ ನನ್ನನ್ನು ಯಜಮಾನರ ಎದುರು ಕೂರಿಸಿದರು.

"ಇವರು ಯಾರು ಗೊತ್ತಾ?"

"ಎಲ್ಲೋ ನೋಡಿದ ಹಾಗಿದೆ."

"ಚಹಾಕ್ಕೆ ಸಕ್ಕರೆ ಹಾಕ್ತಾರಾ?"

"ನನಗೇನು ಗೊತ್ತು? ಅವರನ್ನೇ ಕೇಳಿ."

ಆಗ ಯಜಮಾನರು "ಆಯ್ತು" ಎಂದರು. ತಗ್ಗಿದ ದನಿ, ಕೊನೆಯಲ್ಲಿ ಎಳೆತ. ಕಾಲು ಸೆಳೆಯುತ್ತಿತ್ತು. ಮೀನಖಂಡ ಕಲ್ಲಿನಂತೆ ಗಂಟುಕಟ್ಟಿದ್ದು ನನಗೆ ಕಾಣುತ್ತಿತ್ತು.

"ಇವರು ಏನ್ ಹೇಳ್ತಿದ್ದಾರೆ?" ಎಂದು ತನಿಖಾಧಿಕಾರಿ ನನ್ನ ಮುಖ ನೋಡಿದಳು.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. "ಆಯ್ತು ಅಂತಿದ್ದಾರೆ."

"ಅಂದ್ರೆ?"

"ಆಯ್ತು ಅಂತ."

ಅವರು ಮತ್ತೊಮ್ಮೆ ಹೇಳಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಆಕೆ ಬರೆದುಕೊಂಡಳು: "ಅರ್ಥವಾಗಿರುವುದಿಲ್ಲ. ಉತ್ತೀರ್ಣ." ಆಕೆ ಬೀದಿಯ ತಿರುವು ದಾಟುವವರೆಗೆ ಕಾದೆವು. ಆಮೇಲೆ ಸೊಸೆ ಪರದೆ ಎಳೆದಳು, ನಾನು ಕಾಲು ಹಿಡಿದು ನೀವಿದೆ.

ಈಗ ಎಲ್ಲರೂ ಅವರವರ ಮನೆಯಲ್ಲಿದ್ದಾರೆ. ಅಧಿಕೃತವಾಗಿ ಯಾರಿಗೂ ಯಾರೂ ಏನೂ ಅಲ್ಲ. ಭತ್ಯೆ ತಿಂಗಳು ತಿಂಗಳು ಬರುತ್ತದೆ, ಎತ್ತಲು ಆಳು ಬರುತ್ತಾನೆ. ತಪಾಸಣೆಯ ದಿನ ನಾನು ಯಜಮಾನರನ್ನು "ನೀವು ಯಾವ ಕಡೆಯವರು ಸ್ವಾಮಿ?" ಎಂದು ಕೇಳುತ್ತೇನೆ. ಅವರು ಒಪ್ಪುತ್ತಾರೆ. ಅತ್ತೆ ಮಾತ್ರ ಸಂಜೆ ಸಂಜೆ ನಮ್ಮ ಮನೆಗೆ ಸಂದರ್ಶಕರಾಗಿ ಬಂದು ಉಪ್ಪು ಕಡಿಮೆ ಎಂದು ಹೇಳಿ ಹೋಗುತ್ತಾರೆ.

ವರ್ಷಕ್ಕೊಮ್ಮೆ ಕಚೇರಿಗೆ ಘೋಷಣಾಪತ್ರವನ್ನು ಹೊಸದಾಗಿ ಬರೆದುಕೊಡಬೇಕು. ಬರೆಯಲು ಮೊಮ್ಮಗಳನ್ನು ಕೂರಿಸಿಕೊಂಡಿದ್ದೇನೆ.

"ಫಲಾನುಭವಿಯೊಂದಿಗೆ ಸಂಬಂಧ ಅಂತಿದೆ ಅಜ್ಜಿ. ಏನ್ ಹಾಕ್ಲಿ?"

"ಏನೂ ಇಲ್ಲ ಅಂತ ಹಾಕು. ಇರು, ಮೊದಲು ಬಾಗಿಲು ಹಾಕ್ಕೊಂಡು ಬಾ. ತಾತನ ಬಾಯಿ ಒರೆಸು, ಆ ಎಡಗಡೆ ದಿಂಬು ಸ್ವಲ್ಪ ಮೇಲೆ ಮಾಡು. ಹಾಂ, ಹಾಗೆ. ಈಗ ಬರಿ."